ಬಲೆಗೆ ಬೀಳುತ್ತಿವೆ, ಆದರೂ ಕಡಿಮೆ ಆಗುತ್ತಿಲ್ಲ: ಹಣ್ಣುನೊಣದ ಪ್ರಶ್ನೆಗಳು

ಹಣ್ಣಿನ ಬುಟ್ಟಿ, ಸಿಂಕು, ಡಸ್ಟ್‌ಬಿನ್ ಸುತ್ತ ಗುಂಪಾಗಿ ಹಾರುವ ಸಣ್ಣ ನೊಣಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಕೀಟತಜ್ಞರ ಉತ್ತರ ಇಲ್ಲಿದೆ.

ಪ್ರಶ್ನೆ: ಅಡುಗೆಮನೆಯಲ್ಲಿ ವಾರಗಟ್ಟಲೆಯಿಂದ ಸಣ್ಣ ನೊಣಗಳ ಕಾಟ. ಲೋಟದಲ್ಲಿ ವಿನೆಗರ್ ಇಟ್ಟಿದ್ದೇನೆ. ದಿನಾ ಹತ್ತಾರು ಬಿದ್ದು ಸಾಯುತ್ತವೆ. ಮಾರನೇ ದಿನ ನೋಡಿದರೆ ಮತ್ತೆ ಅಷ್ಟೇ. ಹಣ್ಣನ್ನೆಲ್ಲ ಫ್ರಿಜ್‌ಗೆ ಸೇರಿಸಿ ನಾಲ್ಕು ದಿನ ಆಯಿತು. ಇನ್ನೇನು ಮಾಡಬೇಕು?

ಉತ್ತರ: ಅವು ಹುಟ್ಟುವ ಜಾಗ ಹುಡುಕಬೇಕು. ಬಲೆಗೆ ಬೀಳುವುದು ರೆಕ್ಕೆ ಬಂದ ನೊಣ ಮಾತ್ರ. ಮೊಟ್ಟೆ, ಮರಿಹುಳು, ಗೂಡಿನೊಳಗೆ ಕೂತ ಹುಳು, ಇವಕ್ಕೆ ನಿಮ್ಮ ಲೋಟದಿಂದ ಏನೂ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಇರುವ ಅಡುಗೆಮನೆಯಲ್ಲಿ ಮೊಟ್ಟೆ ಒಡೆಯಲು ಒಂದು ದಿನ ಸಾಕು. ಮರಿಹುಳು ನಾಲ್ಕೈದು ದಿನ ತಿಂದು ಬೆಳೆಯುತ್ತದೆ. ಗೂಡಿನಲ್ಲಿ ಇನ್ನೊಂದು ನಾಲ್ಕೈದು ದಿನ. ಹತ್ತು ದಿನ ಕಳೆಯುವುದರೊಳಗೆ ಹೊಸ ನೊಣ ಹಾರುತ್ತಿರುತ್ತದೆ. ಇನ್ನೆರಡು ದಿನಕ್ಕೆ ಅದೇ ಮೊಟ್ಟೆ ಇಡಲು ಶುರು ಮಾಡುತ್ತದೆ. ಒಳ್ಳೆ ಜಾಗ ಸಿಕ್ಕರೆ ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ 400ರಷ್ಟು ಮೊಟ್ಟೆ ಇಡಬಲ್ಲದು. ಒಮ್ಮೆ ಕೂಡಿದರೆ ಗಂಡಿನ ವೀರ್ಯವನ್ನು ಒಡಲಲ್ಲೇ ಉಳಿಸಿಕೊಂಡು ದಿನಗಟ್ಟಲೆ ಬಳಸುತ್ತದೆ. ಹಾಗಾಗಿ ಒಂದೇ ಒಂದು ಹೆಣ್ಣು ಒಳಗೆ ಬಂದರೂ ಸಂಸಾರ ಬೆಳೆಯುತ್ತದೆ. ಚಳಿಯಿದ್ದರೆ ಎಲ್ಲವೂ ನಿಧಾನ. 18 ಡಿಗ್ರಿಯಲ್ಲಿ ಇದೇ ಸುತ್ತು ಮುಗಿಯಲು ಹೆಚ್ಚುಕಡಿಮೆ ಎರಡರಷ್ಟು ದಿನ ಬೇಕು. ಬೇಸಿಗೆಯಲ್ಲಿ ಇವು ಇದ್ದಕ್ಕಿದ್ದಂತೆ ಜಾಸ್ತಿ ಆದಂತೆ ಕಾಣುವುದು ಇದಕ್ಕೇ.

ನೀವು ಹಣ್ಣು ಎತ್ತಿಟ್ಟು ನಾಲ್ಕೇ ದಿನ ಆಗಿರುವುದರಿಂದ, ಹಣ್ಣೇ ಮೂಲವಾಗಿದ್ದರೂ ಹೊಸ ನೊಣ ಬರುತ್ತಲೇ ಇರುತ್ತವೆ. ಆದರೆ ವಾರಗಟ್ಟಲೆ ನಡೆದಿದೆ ಅನ್ನುತ್ತೀರಿ. ನನ್ನ ಅನುಮಾನ ಬೇರೆ ಕಡೆಗೇ ಇದೆ. ಇವುಗಳ ಮರಿಹುಳುವಿನ ಮುಖ್ಯ ಆಹಾರ ಯೀಸ್ಟ್. ಒದ್ದೆಯಾಗಿದ್ದು, ಹುಳಿಬರಲು ಏನಾದರೂ ಇದ್ದು, ಒಂದು ವಾರ ಯಾರೂ ಕೈಹಾಕದ ಮೂಲೆ ಇದ್ದರೆ ಹಣ್ಣಿನ ಹಂಗೇ ಬೇಕಿಲ್ಲ. ಡಸ್ಟ್‌ಬಿನ್ನಿನ ಚೀಲ ಎತ್ತಿ ತಳ ನೋಡಿ, ಚೀಲದಿಂದ ಸೋರಿದ ಕಂದು ನೀರು ಅಲ್ಲಿ ನಿಂತಿರುತ್ತದೆ. ಈರುಳ್ಳಿ, ಆಲೂಗಡ್ಡೆ ಬುಟ್ಟಿಯನ್ನು ಪೂರ್ತಿ ನೆಲಕ್ಕೆ ಸುರಿಯಿರಿ. ಮೇಲಿನಿಂದ ಕೈಯಾಡಿಸಿ ಬಿಟ್ಟರೆ ಅಡಿಯಲ್ಲಿ ಕೊಳೆತ ಒಂದು ಗಡ್ಡೆ ಕಾಣುವುದೇ ಇಲ್ಲ. ಮಾರಲೆಂದು ಕೂಡಿಟ್ಟ ಖಾಲಿ ಜ್ಯೂಸ್, ಬಿಯರ್ ಬಾಟಲಿಗಳ ತಳದಲ್ಲಿ ಒಂದು ಚಮಚ ಉಳಿದಿದ್ದರೂ ಸಾಕು. ಒಣಗದ ಮಾಪ್, ಸಿಂಕಿನ ಕೆಳಗೆ ಬಿಸಾಡಿದ ಹಳೆ ಸ್ಪಂಜ್, ಮಿಕ್ಸಿಯ ಅಡಿಗೆ ಇಳಿದ ರಸ, ಫ್ರಿಜ್ ಕೆಳಗೆ ಉರುಳಿಹೋದ ದ್ರಾಕ್ಷಿ, ಹಸಿಕಸದ ಡಬ್ಬಿಯ ಮುಚ್ಚಳದ ಅಂಚು, ರಜೆಯಲ್ಲಿ ಯಾರೂ ಬಿಚ್ಚದ ಸ್ಕೂಲ್ ಬ್ಯಾಗು, ಎಲ್ಲವನ್ನೂ ನೋಡಿ.

ಜಾಗ ಸಿಕ್ಕಿತು ಅಂತ ಗೊತ್ತಾಗುವುದು ಗೂಡಿನಿಂದ. ಬೆಳೆದ ಮರಿಹುಳು ಒದ್ದೆ ಜಾಗ ಬಿಟ್ಟು ಒಣಗಿದ ಕಡೆಗೆ ಹತ್ತಿ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ಡಬ್ಬಿಯ ಒಳಗೋಡೆಯ ಮೇಲ್ಭಾಗ, ಮುಚ್ಚಳದ ಒಳಬದಿ, ಚೀಲದ ಮಡಿಕೆಗೆ ಟಾರ್ಚ್ ಬಿಟ್ಟು ನೋಡಿ. ಮೂರು ಮಿಲಿಮೀಟರ್ ಉದ್ದದ ಕಂದು ಕಾಳಿನಂಥವು ಸಾಲಾಗಿ ಅಂಟಿರುತ್ತವೆ. ಕಣ್ಣಿಟ್ಟು ನೋಡಿದರೆ ಒಂದು ತುದಿಯಲ್ಲಿ ಎರಡು ಪುಟ್ಟ ಕೊಂಬು ಕಾಣುತ್ತವೆ, ಅವು ಉಸಿರಾಟಕ್ಕೆ. ಗಾಢ ಬಣ್ಣದವು ಇನ್ನೇನು ಒಡೆಯಲಿವೆ. ತೆಳ್ಳಗೆ ಬಿಳಿಚಿಕೊಂಡು ತುದಿ ತೆರೆದಿದ್ದರೆ ನೊಣ ಆಗಲೇ ಹಾರಿಹೋಗಿದೆ. ಇವನ್ನು ನೀರು ಎರಚಿ ತೊಳೆದರೆ ಬಿಡುವುದಿಲ್ಲ, ಕೆರೆದು ತೆಗೆಯಬೇಕು.

ಎಷ್ಟು ಹುಡುಕಿದರೂ ಸಿಗದಿದ್ದರೆ ನಿಮ್ಮ ಬಲೆಯನ್ನೇ ಪತ್ತೇದಾರಿಕೆಗೆ ಹಚ್ಚಿ. ಒಂದೇ ಅಳತೆಯ ನಾಲ್ಕು ಲೋಟ ತಗೊಂಡು ಸಿಂಕ್ ಹತ್ತಿರ, ಡಸ್ಟ್‌ಬಿನ್ ಹತ್ತಿರ, ತರಕಾರಿ ಬುಟ್ಟಿ ಹತ್ತಿರ, ಬಾಲ್ಕನಿ ಬಾಗಿಲಲ್ಲಿ ಒಂದೊಂದು ಇಡಿ. ಒಂದು ಹಗಲು, ಒಂದು ರಾತ್ರಿ ಬಿಟ್ಟು ಎಣಿಸಿ. ಜಾಸ್ತಿ ಬಿದ್ದ ಲೋಟದ ಹತ್ತಿರವೇ ಹುಡುಕಾಟ ಮುಂದುವರಿಸಿ. ಮೂಲ ತೆಗೆದ ಮೇಲೂ ಎರಡು ವಾರ ಬಲೆ ಎತ್ತಬೇಡಿ. ಆಗ ಬೀಳುವ ಲೆಕ್ಕ ದಿನದಿನಕ್ಕೆ ಇಳಿಯಬೇಕು. ಇಳಿಯದಿದ್ದರೆ ಇನ್ನೊಂದು ಮೂಲ ಇದೆ ಅಂತಲೇ ಅರ್ಥ.

ಪ್ರಶ್ನೆ: ವಿನೆಗರ್ ಇಟ್ಟರೆ ನೊಣ ಲೋಟದ ಅಂಚಲ್ಲಿ ಕೂತು ನೋಡುತ್ತವೆ, ಒಳಗೆ ಇಳಿಯುವುದಿಲ್ಲ. ಇಳಿದವೂ ಮೇಲೆ ನಿಂತು ಕುಡಿದು ಹಾರಿಹೋಗುತ್ತವೆ. ಸರಿಯಾದ ವಿಧಾನ ಹೇಳುತ್ತೀರಾ?

ಉತ್ತರ: ನೀರಿನ ಮೇಲ್ಮೈಗೆ ಒಂದು ಬಿಗಿ ಇರುತ್ತದೆ. ಇಷ್ಟು ಹಗುರದ ನೊಣಕ್ಕೆ ಅದು ಚಾಪೆ ಹಾಸಿದ ಹಾಗೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದರೆ ಆ ಬಿಗಿ ಹೋಗುತ್ತದೆ, ಕಾಲಿಟ್ಟ ನೊಣ ಮುಳುಗುತ್ತದೆ. ಕಲಕಿ ನೊರೆ ಎಬ್ಬಿಸಬೇಡಿ. ಘಮ್ ಅನ್ನುವ ನಿಂಬೆ ವಾಸನೆಯ ಲಿಕ್ವಿಡ್ಡನ್ನು ಜಾಸ್ತಿ ಸುರಿದರೆ ವಿನೆಗರ್ ವಾಸನೆಯೇ ಮುಚ್ಚಿಹೋಗುತ್ತದೆ.

ಯಾವ ವಿನೆಗರ್ ಅನ್ನುವುದೂ ಮುಖ್ಯ. ಆಪಲ್ ಸೈಡರ್ ವಿನೆಗರ್ ಒಳ್ಳೆಯದು, ಹಣ್ಣು ಹುಳಿಬಂದಾಗಿನ ಹಲವು ವಾಸನೆ ಅದರಲ್ಲಿ ಉಳಿದಿರುತ್ತವೆ. ಬಿಳಿ ವಿನೆಗರ್ ಬರೀ ಖಾರದ ಹುಳಿ, ಅಷ್ಟಾಗಿ ಸೆಳೆಯುವುದಿಲ್ಲ. ಇನ್ನೊಂದು ತಮಾಷೆ ನೋಡಿ: ಇವಕ್ಕೆ ಅಸಿಟಿಕ್ ಆಮ್ಲದ ವಾಸನೆ ಹದವಾಗಿದ್ದರೆ ಇಷ್ಟ, ತೀರಾ ಗಾಢವಾದರೆ ದೂರ ಸರಿಯುತ್ತವೆ. ಅಂದಮೇಲೆ ಗಾಢ ವಿನೆಗರ್ ಸುರಿದು ಕಾಯುವುದಕ್ಕಿಂತ ಅರ್ಧ ನೀರು ಬೆರೆಸಿ ನೋಡಿ. ಉಳಿದ ವೈನ್ ಇದ್ದರೆ ಅದೂ ಆದೀತು. ಕಪ್ಪಾದ ಬಾಳೆಹಣ್ಣಿನ ಒಂದು ತುಂಡನ್ನು ವಿನೆಗರ್‌ಗೆ ಹಾಕಿದರೆ ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಒಳ್ಳೆ ಮೇವು ಇಲ್ಲ. ಬರೀ ಹಣ್ಣಿಟ್ಟು ಮರೆತರೆ ಮಾತ್ರ ನೀವೇ ಸಾಕಣೆ ಕೇಂದ್ರ ತೆರೆದಂತೆ ಆಗುತ್ತದೆ. ಎರಡು ದಿನಕ್ಕೊಮ್ಮೆ ಬದಲಿಸಿ, ಹಳೆಯದನ್ನು ಮನೆಯಿಂದ ಹೊರಗೆ ಚೆಲ್ಲಿ.

ಅಂಚಲ್ಲೇ ಕೂರುವ ನೊಣಕ್ಕೆ ಕಾಗದದ ಕೊಳವೆ ಉಪಾಯ. ಕಾಗದವನ್ನು ಶಂಕುವಿನಂತೆ ಸುತ್ತಿ, ತುದಿಯಲ್ಲಿ ನಾಲ್ಕೈದು ಮಿಲಿಮೀಟರ್ ತೂತು ಬಿಟ್ಟು, ತೂತು ಕೆಳಗೆ ಬರುವಂತೆ ಲೋಟಕ್ಕೆ ಕೂರಿಸಿ. ತುದಿ ದ್ರವಕ್ಕೆ ತಾಗಬಾರದು. ಕಾಗದ ಮತ್ತು ಲೋಟದ ನಡುವಿನ ಸಂದಿಗೆ ಟೇಪ್ ಹಾಕಿ. ಒಳಗಿಳಿದ ನೊಣ ವಾಪಸ್ ಬರಲು ಗೋಡೆ ಹಿಡಿದು ಮೇಲೆ ಹತ್ತುತ್ತದೆ, ನಡುವಿನ ತೂತು ಅದಕ್ಕೆ ಸಿಗುವುದಿಲ್ಲ. ಇವು ಬೆಳಿಗ್ಗೆ ಮತ್ತು ಸಂಜೆ ಚುರುಕು. ನಡುಮಧ್ಯಾಹ್ನ ಲೋಟ ಖಾಲಿ ಕಂಡರೆ ಬೇಸರ ಬೇಡ. (ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಾದದ್ದೂ ಇದೇ ನೊಣದಿಂದ. ಆ ಕೆಲಸಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.)

ಪ್ರಶ್ನೆ: ಕಿಟಕಿಗಳಿಗೆ ಸೊಳ್ಳೆ ಜಾಲರಿ ಇದೆ. ಆದರೂ ಹಣ್ಣು ತಂದ ಕೆಲವೇ ದಿನಕ್ಕೆ ನೊಣ ಕಾಣಿಸುತ್ತವೆ. ಹಣ್ಣಿನೊಳಗಿಂದಲೇ ಹುಟ್ಟುತ್ತವಾ?

ಉತ್ತರ: ತಾವಾಗಿಯೇ ಹುಟ್ಟುವುದಿಲ್ಲ. ಕೊಳೆತದ್ದರಿಂದ ಹುಳು ತಾನೇ ಹುಟ್ಟುತ್ತದೆ ಅಂತ ಹಿಂದೆ ಎಲ್ಲರೂ ನಂಬಿದ್ದರು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಜಾಡಿಗಳಿಗೆ ಬಟ್ಟೆ ಕಟ್ಟಿ ಇಟ್ಟು, ನೊಣ ತಾಗದಿದ್ದರೆ ಹುಳು ಆಗುವುದಿಲ್ಲ ಅಂತ ತೋರಿಸಿಕೊಟ್ಟರು.

ನಿಮ್ಮ ಮನೆಗೆ ಇವು ಎರಡು ದಾರಿಯಲ್ಲಿ ಬರುತ್ತವೆ. ಒಂದು, ಹಣ್ಣಿನ ಜೊತೆಗೇ ಮೊಟ್ಟೆಯಾಗಿ. ಅರ್ಧ ಮಿಲಿಮೀಟರ್ ಮೊಟ್ಟೆ, ಬಿರಿದ ಸಿಪ್ಪೆ, ಜಜ್ಜಿದ ಜಾಗ, ತೊಟ್ಟಿನ ಬುಡದಲ್ಲಿ ಇರುತ್ತದೆ. ಬರಿಗಣ್ಣಿಗೆ ಕಾಣುವುದು ಕಷ್ಟ. ಇನ್ನೊಂದು, ಹಾರಿ ಬಂದು. ಸಾಮಾನ್ಯ ಜಾಲರಿಯ ಕಣ್ಣಿನಲ್ಲಿ ಇವು ನುಸುಳಬಲ್ಲವು. ತಂದ ದಿನವೇ ಹಣ್ಣು ತೊಳೆದು, ಒರೆಸಿ, ಜಜ್ಜಿದ್ದನ್ನು ಬೇರೆ ಇಟ್ಟು ಮೊದಲು ತಿಂದುಬಿಡಿ. ಫ್ರಿಜ್‌ನ ಚಳಿಯಲ್ಲಿ ಮೊಟ್ಟೆ ಬೆಳೆಯುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ಫ್ರಿಜ್‌ನಲ್ಲಿ ಕಪ್ಪಾಗುತ್ತದೆ, ಒಳಗೆ ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ಸಿಂಕಿನಿಂದ ನೊಣ ಏಳುತ್ತವೆ. ಬ್ಲೀಚ್ ಸುರಿದೆ, ಕುದಿಯುವ ನೀರು ಸುರಿದೆ. ಎರಡು ದಿನ ಸುಮ್ನೆ ಇದ್ದು ಮತ್ತೆ ಬಂದವು.

ಉತ್ತರ: ಮೊದಲು ಯಾವ ನೊಣ ಅಂತ ನೋಡೋಣ. ಕಂದುಹಳದಿ ಮೈ, ಕೆಂಪು ಕಣ್ಣು, ಹಣ್ಣಿನತ್ತಲೂ ಹೋಗುತ್ತವೆ ಅಂದರೆ ಹಣ್ಣುನೊಣ. ಮೈತುಂಬ ರೋಮ, ಪತಂಗದಂತೆ ರೆಕ್ಕೆ ಹರಡಿಕೊಂಡು ಬಚ್ಚಲಿನ ಗೋಡೆಯಲ್ಲಿ ಅಲುಗಾಡದೆ ಕೂತಿರುತ್ತವೆ, ಎಬ್ಬಿಸಿದರೆ ಸ್ವಲ್ಪ ದೂರ ಹಾರಿ ಮತ್ತೆ ಕೂರುತ್ತವೆ ಅಂದರೆ ಅದು ಡ್ರೈನ್ ನೊಣ. ಬೆನ್ನು ಗೂನು, ಹಾರುವ ಬದಲು ಮೇಜಿನ ಮೇಲೆ ತಡೆತಡೆದು ಓಡುತ್ತವೆ ಅಂದರೆ ಫೋರಿಡ್ ನೊಣ. ಈ ಮೂರನೆಯದು ನೆಲದಡಿಯ ಪೈಪ್ ಒಡೆದಾಗಲೂ ಕಾಣಿಸುತ್ತದೆ. ಅವು ತೀರಾ ಜಾಸ್ತಿ ಇದ್ದರೆ ಪ್ಲಂಬರ್‌ನ ಕರೆಸಿ.

ರಾತ್ರಿ ಸಿಂಕಿನ ತೂತಿನ ಮೇಲೆ ಟೇಪನ್ನು ಅಂಟು ಕೆಳಗೆ ಬರುವಂತೆ ಹಾಕಿ, ಗಾಳಿಯಾಡಲು ಸ್ವಲ್ಪ ಸಂದಿ ಬಿಡಿ. ಎರಡು ಮೂರು ರಾತ್ರಿ ಹೀಗೆ ಮಾಡಿ. ಕೆಳಗಿನಿಂದ ಬಂದವು ಅಂಟಿಕೊಂಡಿದ್ದರೆ ಮೂಲ ಅದೇ. ಅಂಟದಿದ್ದರೆ ಸುಮ್ನೆ ಸಿಂಕಿನ ಮೇಲೆ ಸಿಟ್ಟು ಬೇಡ.

ಮರಿಹುಳು ಇರುವುದು ಪೈಪಿನ ಒಳಗೋಡೆಗೆ ಹತ್ತಿದ ಲೋಳೆಯಲ್ಲಿ. ಬ್ಲೀಚ್ ಅದರ ಮೇಲೆ ಜಾರಿ ಹೋಗುತ್ತದೆ, ಲೋಳೆ ಅಲ್ಲೇ ಉಳಿಯುತ್ತದೆ. ಬಾಟಲಿ ತೊಳೆಯುವಂಥ ಉದ್ದ ಬ್ರಷ್ ಇಳಿಸಿ, ಡಿಟರ್ಜೆಂಟ್ ಹಾಕಿ, ಸುತ್ತಲೂ ಉಜ್ಜಿ. ಜಾಲಿ ಬಿಚ್ಚಿ ಅದರ ಅಡಿಬದಿ, ರಬ್ಬರ್ ಅಂಚು, ನೀರು ಉಕ್ಕಿದರೆ ಹೋಗುವ ಮೇಲಿನ ತೂತು, ಇವನ್ನು ಬಿಡಬೇಡಿ. ಆಮೇಲೆ ಬಿಸಿನೀರು ಹಾಕಿ. ಕುದಿಯುವ ನೀರು ಪ್ಲಾಸ್ಟಿಕ್ ಪೈಪಿನ ಜೋಡಣೆಗೆ ಒಳ್ಳೆಯದಲ್ಲ.

ಒಂದು ಎಚ್ಚರಿಕೆ, ಇದು ನಿಜಕ್ಕೂ ಅಪಾಯದ ಮಾತು. ಬಲೆಯ ವಿನೆಗರನ್ನು ಸಿಂಕಿಗೆ ಚೆಲ್ಲಿ ಅದರ ಮೇಲೆ ಬ್ಲೀಚ್ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಅಡುಗೆಮನೆಯಲ್ಲಿ ಅದು ಉಸಿರಾಟಕ್ಕೇ ಕುತ್ತು. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ.

ಪ್ರಶ್ನೆ: ನಮ್ಮಲ್ಲಿ ಹಣ್ಣೇ ಇಲ್ಲ. ಕಿಟಕಿ ಬಳಿಯ ಹೂಕುಂಡಗಳ ಸುತ್ತ ಕಪ್ಪು ಸಣ್ಣ ನೊಣ. ವಿನೆಗರ್‌ಗೆ ಒಂದೆರಡೂ ಬೀಳುವುದಿಲ್ಲ.

ಉತ್ತರ: ಅವು ಫಂಗಸ್ ನ್ಯಾಟ್. ಸೊಳ್ಳೆಯಂತೆ ಉದ್ದ ಕಾಲು, ಕಪ್ಪು ಮೈ. ಸದಾ ಒದ್ದೆಯಿರುವ ಮಣ್ಣಿನಲ್ಲಿ ಹುಟ್ಟುತ್ತವೆ. ನೀರು ಕಡಿಮೆ ಮಾಡಿ, ಮೇಲಿನ ಮಣ್ಣು ಎರಡು ಮೂರು ಸೆಂಟಿಮೀಟರ್ ಒಣಗಿದ ಮೇಲೆ ಮಾತ್ರ ಹಾಕಿ. ಹಳದಿ ಅಂಟುಕಾರ್ಡ್ ಇಟ್ಟರೆ ಹಾರುವವು ಸಿಗುತ್ತವೆ. ಆಲೂಗಡ್ಡೆಯ ಹೋಳನ್ನು ಮಣ್ಣಿನ ಮೇಲಿಟ್ಟು ಎರಡು ದಿನ ಬಿಟ್ಟು ಎತ್ತಿ ನೋಡಿ, ಅಡಿಯಲ್ಲಿ ಕಪ್ಪು ತಲೆಯ ಬಿಳಿ ಹುಳು ಇದ್ದರೆ ಅನುಮಾನವೇ ಬೇಡ.

ಪ್ರಶ್ನೆ: ತೋಟಕ್ಕೆ ತಂದ ಹಣ್ಣುನೊಣದ ಮೋಹಕ ಬಲೆ ಒಂದು ಉಳಿದಿತ್ತು. ಅಡುಗೆಮನೆಯಲ್ಲಿ ತೂಗುಹಾಕಿದರೆ ಒಂದೂ ಬೀಳಲಿಲ್ಲ. ಹಾಳಾಗಿದೆಯೇ?

ಉತ್ತರ: ಬಲೆ ಸರಿಯಾಗಿಯೇ ಇರಬಹುದು, ನೊಣ ಬೇರೆ. ತೋಟದ್ದು ಬ್ಯಾಕ್ಟ್ರೋಸೆರಾ ಜಾತಿ. ಮನೆನೊಣದಷ್ಟು ದೊಡ್ಡದು, ಗಟ್ಟಿ ಹಣ್ಣಿಗೇ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಕತ್ತರಿಸಿದಾಗ ಒಳಗೆ ಕುಪ್ಪಳಿಸುವ ಹುಳು ಅದರದ್ದು. ಮೋಹಕ ಬಲೆಯ ಮೀಥೈಲ್ ಯೂಜೆನಾಲ್ ಆ ಗಂಡುನೊಣಗಳನ್ನು ಸೆಳೆಯುತ್ತದೆ. ಅಡುಗೆಮನೆಯದು ಡ್ರೊಸೊಫಿಲಾ, ಅದಕ್ಕೆ ಆ ವಾಸನೆಯ ಗೊಡವೆ ಇಲ್ಲ. ಬಲೆಯನ್ನು ತೋಟಕ್ಕೇ ವಾಪಸ್ ಕಟ್ಟಿ.

ಪ್ರಶ್ನೆ: ನೊಣ ಕೂತಿದ್ದ ಬಾಳೆಹಣ್ಣನ್ನು ಮಗು ತಿಂದುಬಿಟ್ಟಿತು. ಏನಾದರೂ ಆಗುತ್ತದೆಯೇ?

ಉತ್ತರ: ಮೊಟ್ಟೆ ಹೊಟ್ಟೆ ಸೇರಿದರೆ ಸಾಮಾನ್ಯವಾಗಿ ಜೀರ್ಣವಾಗಿ ಹೋಗುತ್ತದೆ, ಹೆದರಬೇಡಿ. ಇವು ಕಚ್ಚುವುದಿಲ್ಲ. ಕಸದಿಂದ ಎದ್ದು ಬಂದು ಕತ್ತರಿಸಿಟ್ಟ ಹಣ್ಣಿನ ಮೇಲೆ ಕೂತಾಗ ಕಾಲಿನಲ್ಲಿ ರೋಗಾಣು ತರಬಲ್ಲವು. ಆದ್ದರಿಂದ ಕತ್ತರಿಸಿದ್ದನ್ನು ಮುಚ್ಚಿಡಿ. ಮಗುವಿಗೆ ವಾಂತಿ, ಭೇದಿ, ಜ್ವರ ಕಂಡರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಸ್ಪ್ರೇ ಹೊಡೆದರೆ ಆಗಲ್ವಾ?

ಉತ್ತರ: ಹಾರುವವು ಸಾಯುತ್ತವೆ, ಮರಿಹುಳು ಲೋಳೆಯೊಳಗೆ ಹಾಯಾಗಿರುತ್ತದೆ. ಜೊತೆಗೆ ಔಷಧಿ ಪಾತ್ರೆ, ಹಣ್ಣು, ಕಟ್ಟೆಯ ಮೇಲೆಲ್ಲ ಕೂರುತ್ತದೆ. ಅಡುಗೆಮನೆಯಲ್ಲಿ ನಾನಂತೂ ಹೊಡೆಯುವುದಿಲ್ಲ. ಗುಂಪು ಕಂಡ ಕೂಡಲೇ ಏನಾದರೂ ಮಾಡಲೇಬೇಕು ಅನಿಸಿದರೆ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಹಿಡಿಯಿರಿ. ಬೆಳಿಗ್ಗೆ ಹಣ್ಣಿನ ಬುಟ್ಟಿ ಮೇಲೆ ಎದ್ದ ಗುಂಪನ್ನು ಹಾಗೇ ಎಳೆದುಕೊಳ್ಳುತ್ತದೆ. ಆಮೇಲೆ ಅದರ ಚೀಲವನ್ನು ಹೊರಗೆ ಖಾಲಿ ಮಾಡಿ.