ವರ್ಚುವಲ್ ಫೀಲ್ಡ್ ಟ್ರಿಪ್‌ನಿಂದ ಪ್ರೈಮರಿ ಮಕ್ಕಳಿಗೆ ನಿಜವಾಗಲೂ ಏನಾದರೂ ಸಿಗುತ್ತದಾ?

ನೀವು ಕೇಳಿರುವುದು ಇಷ್ಟು. ಬೆಂಗಳೂರಿನ ಶಾಲೆಯೊಂದರಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತೀರಿ. ಈ ವರ್ಷ ಬಸ್ಸು ಮಾಡಿಸಲು ದುಡ್ಡಿಲ್ಲ, ಅದರ ಬದಲು ಕ್ಲಾಸಿನಲ್ಲೇ ಪರದೆಯ ಮೇಲೆ ಜಾಗ ಸುತ್ತಿಸುವ ವರ್ಚುವಲ್ ಟ್ರಿಪ್ ಮಾಡಿಸಿ ಎಂದು ಮೇಲಿನವರು ಹೇಳಿದ್ದಾರೆ. ಮಕ್ಕಳು ಏನಾದರೂ ಕಲಿಯುತ್ತಾರಾ, ಇಲ್ಲ ಸುಮ್ನೆ ವಿಡಿಯೋ ಹಾಕಿ ಕೂರಿಸಿದ ಹಾಗಾ ಅನ್ನೋದು ನಿಮ್ಮ ಅನುಮಾನ.

ನಾನೂ ಇದೇ ಊರಿನಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಪರಿಸರ ಅಧ್ಯಯನ ತೆಗೆದುಕೊಳ್ಳುತ್ತೇನೆ. ನಿಮ್ಮ ಅನುಮಾನ ತಪ್ಪೇನಲ್ಲ, ಬಹಳ ಕಡೆ ನಡೆಯುವುದು ಹಾಗೇ. ಆದರೆ ಮಕ್ಕಳಿಗೆ ಹುಡುಕುವುದಕ್ಕೆ ಏನಾದರೂ ಒಂದು ಕೊಟ್ಟು ಕರೆದುಕೊಂಡು ಹೋದರೆ ಕಥೆಯೇ ಬೇರೆ. ಅದನ್ನು ಹೇಗೆ ಮಾಡುವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಮೆಚ್ಚಿನ ಟ್ರಿಪ್ ಶುರುವಾಗುವುದು 50 ರೂಪಾಯಿ ನೋಟಿನಿಂದ. 2017ರಲ್ಲಿ ಬಂದ ನೀಲಿ ನೋಟು. ಹಿಂದೆ ತಿರುಗಿಸಿದರೆ ಹಂಪಿಯ ಕಲ್ಲಿನ ರಥ. ದಿನಾ ಕೈಯಲ್ಲಿ ಹಿಡಿದರೂ ಮಕ್ಕಳು ಅದನ್ನು ಸರಿಯಾಗಿ ನೋಡಿರುವುದಿಲ್ಲ, ದೊಡ್ಡವರೂ ನೋಡಿರುವುದಿಲ್ಲ ಬಿಡಿ. ನಾಲ್ಕೈದು ನೋಟು ತಂದು ಗುಂಪಿಗೊಂದರಂತೆ ಕೊಡಿ. ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಲಿ. ಆಮೇಲೆ ಗೂಗಲ್ ಮ್ಯಾಪ್ಸ್‌ನಲ್ಲಿ ಆ ರಥ ಇರುವ ವಿಠ್ಠಲ ದೇವಸ್ಥಾನದ 360 ಡಿಗ್ರಿ ಫೋಟೋ ತೆರೆಯಿರಿ. ಅಂಗಳದಲ್ಲಿ ನಿಂತ ಹಾಗೆ ಸುತ್ತಲೂ ನೋಡಬಹುದು. ಈಗ ಕೇಳಿ: ರಥದ ಮುಂದೆ ಇರುವುದು ಯಾವ ಪ್ರಾಣಿ?

ಆನೆ ಎಂದು ಎಲ್ಲರೂ ಕೂಗುತ್ತಾರೆ. ಸರಿ, ಆನೆಯ ಹಿಂದೆ ಏನಾದರೂ ಕಾಣುತ್ತದಾ ನೋಡಿ ಎನ್ನಿ. ಹತ್ತಿರದಿಂದ ತೆಗೆದ ಒಂದು ಫೋಟೋವನ್ನು ಮೊದಲೇ ಹುಡುಕಿ ಇಟ್ಟುಕೊಂಡಿರಿ. ಅಲ್ಲಿ ಮೊದಲು ಇದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದು ಇಟ್ಟದ್ದು. ಮುರಿದ ಕುದುರೆಯ ಹಿಂಗಾಲು, ಬಾಲದ ಗುರುತು ಆನೆಯ ಹಿಂದೆ ಇನ್ನೂ ಇದೆ. ಅದನ್ನು ಮೊದಲು ಕಂಡುಹಿಡಿದ ಮಗುವಿನ ಮುಖ ನೋಡಬೇಕು ನೀವು! ಅದಾದ ಮೇಲೆ 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಹಳೇ ಫೋಟೋ ತೋರಿಸಿ. ಅದರಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ, ನೋಟಿನಲ್ಲೂ ಇಲ್ಲ. ಹಳೇ ಫೋಟೋ, ನೋಟು, ಪರದೆ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಏನೇನು ಬದಲಾಗಿದೆ ಎಂದು ಅವರೇ ಪಟ್ಟಿ ಮಾಡುತ್ತಾರೆ. ಒಂದು ಪೀರಿಯಡ್ ಹೋದದ್ದೇ ಗೊತ್ತಾಗುವುದಿಲ್ಲ.

ಉಳಿದ ನೋಟುಗಳೂ ಇವೆಯಲ್ಲ. 10 ರೂಪಾಯಿಯಲ್ಲಿ ಕೋನಾರ್ಕ, 20ರಲ್ಲಿ ಎಲ್ಲೋರ, 100ರಲ್ಲಿ ಗುಜರಾತಿನ ರಾಣಿ ಕಿ ವಾವ್, 200ರಲ್ಲಿ ಸಾಂಚಿ, 500ರಲ್ಲಿ ಕೆಂಪು ಕೋಟೆ. ಎಲ್ಲೋರವನ್ನು ಹಂಪಿಯ ಬೆನ್ನಿಗೇ ಮಾಡಿ. ಕಲ್ಲಿನ ರಥ ನೋಡೋಕೆ ಒಂದೇ ಬಂಡೆ ಥರ ಕಾಣುತ್ತದೆ, ಆದರೆ ಬೇರೆ ಬೇರೆ ಕಲ್ಲು ಜೋಡಿಸಿ ಮಾಡಿದ್ದು. ಎಲ್ಲೋರದ ಕೈಲಾಸ ದೇವಸ್ಥಾನ ಕಟ್ಟಿದ ಹಾಗೆ ಕಾಣುತ್ತದೆ, ಆದರೆ ಗುಡ್ಡವನ್ನು ಮೇಲಿನಿಂದ ಕೆಳಗೆ ಕಡಿದು ಮಾಡಿದ್ದು. ಯಾವುದು ಜೋಡಿಸಿದ್ದು, ಯಾವುದು ಕಡಿದದ್ದು, ಹೇಗೆ ಹೇಳುತ್ತೀರಿ ಎಂದು ಕೇಳಿ ಸುಮ್ಮನಿದ್ದುಬಿಡಿ. ಜಗಳ ಆಗಲಿ.

ರಾಣಿ ಕಿ ವಾವ್ ಬಗ್ಗೆ ಒಂದು ಮಾತು. ಅದು 11ನೇ ಶತಮಾನದ ಮೆಟ್ಟಿಲು ಬಾವಿ. ನದಿಯ ಹೂಳಿನಲ್ಲಿ ಮುಚ್ಚಿಹೋಗಿ ಬಹಳ ಕಾಲ ಇತ್ತು. 2011ರಲ್ಲಿ ಸ್ಕಾಟಿಷ್ ಟೆನ್ ಎಂಬ ತಂಡ ಅದನ್ನು ಲೇಸರ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿದೆ. ನಮ್ಮ ಮಕ್ಕಳಿಗೆ ನೀರು ಎಂದರೆ ಬೋರ್‌ವೆಲ್, ಟ್ಯಾಂಕರ್. ನಮ್ಮ ಕ್ಲಾಸಿನಲ್ಲಿ ಒಬ್ಬಳು, "ಮಿಸ್, ರಾಣಿ ಮನೆಗೆ ಟ್ಯಾಂಕರ್ ಬರ್ತಿರಲಿಲ್ವಾ?" ಎಂದು ಕೇಳಿದಳು. ನಗಬೇಡಿ. ಅಲ್ಲಿಂದಲೇ ನಮ್ಮೂರಿನ ಕೆರೆಗಳ ಪಾಠ ಶುರು ಮಾಡಬಹುದು.

ಇನ್ನು, ದೂರದ ಊರಿಗೆ ಹೋಗುವ ಮೊದಲು ಶಾಲೆಯ ಬೀದಿಗೇ ಒಮ್ಮೆ ಹೋಗಿಬನ್ನಿ, ಪರದೆಯ ಮೇಲೆ. ಬೀದಿಗಳ ಫೋಟೋ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಇದೆಯಲ್ಲ, ಅದರ ಕಾರು ಬೆಂಗಳೂರಿನಲ್ಲಿ 2011ರಲ್ಲೇ ಓಡಾಡಿತ್ತು, ಪೊಲೀಸರು ತಡೆದಿದ್ದರು. ಕೊನೆಗೆ 2022ರಲ್ಲಿ ಬಂತು. ಶಾಲೆಯ ಗೇಟಿನ ಮುಂದೆ ನಿಲ್ಲಿಸಿದರೆ ಗದ್ದಲವೋ ಗದ್ದಲ. "ಅಲ್ಲಿ ನಮ್ಮ ಅಂಗಡಿ!" "ಆ ಮರ ಈಗ ಇಲ್ಲ." "ಬೋರ್ಡ್ ಬೇರೆ ಇದೆಯಲ್ಲ?" ನಮಗೆ ಬೇಕಾದದ್ದು ಈ ಕೊನೆಯ ಪ್ರಶ್ನೆಯೇ. ಪರದೆಯಲ್ಲಿ ಕಾಣುವುದು ಈಗಿನದ್ದಲ್ಲ, ಯಾರೋ ಯಾವತ್ತೋ ತೆಗೆದ ಫೋಟೋ ಎಂದು ಮಕ್ಕಳಿಗೆ ಇಲ್ಲಿ ಅರ್ಥವಾದರೆ, ಮುಂದೆ ಹಂಪಿ ನೋಡುವಾಗಲೂ ಆ ಅರಿವು ಇರುತ್ತದೆ. ಯಾರ ಮನೆ ಎಲ್ಲಿ ಎಂದು ಕ್ಲಾಸಿನ ಮುಂದೆ ತೋರಿಸಿಕೊಂಡು ಹೋಗಬೇಡಿ. ಗೇಟು, ಅಂಗಡಿ, ಬಸ್ ಸ್ಟಾಪ್ ಸಾಕು. ಎಲ್ಲ ಮಕ್ಕಳಿಗೂ ಮನೆ ತೋರಿಸುವ ಆಸೆ ಇರುವುದಿಲ್ಲ.

ಇದನ್ನೆಲ್ಲ ಮಾಡುವಾಗ ಮೌಸ್ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ಒಬ್ಬರು ಡ್ರೈವರ್, ಇನ್ನೊಬ್ಬರು ಕಂಡಕ್ಟರ್. ಕಂಡಕ್ಟರ್ "ರೈಟ್ ರೈಟ್" ಎಂದರೆ ಮಾತ್ರ ಮುಂದೆ, "ಹೋಲ್ಡಾನ್" ಎಂದರೆ ಎಲ್ಲರೂ ನಿಂತು ನೋಡಬೇಕು. ಯಾರಾದರೂ ಕೈ ಎತ್ತಿದರೆ ಕಂಡಕ್ಟರ್ ಬಸ್ ನಿಲ್ಲಿಸಲೇಬೇಕು. ಪ್ರತಿ ನಿಲ್ದಾಣಕ್ಕೂ ಜೋಡಿ ಬದಲು. ತಮಾಷೆ ಒಂದು ಕಡೆ ಇರಲಿ, ಇದರಿಂದ ವೇಗ ತಾನಾಗಿ ಕಮ್ಮಿಯಾಗುತ್ತದೆ. ದೊಡ್ಡ ಪರದೆಯಲ್ಲಿ ಗರಗರ ತಿರುಗಿಸಿದರೆ ಮಕ್ಕಳಿಗೆ ತಲೆ ಸುತ್ತುತ್ತದೆ.

ಲೈವ್ ಕ್ಯಾಮೆರಾಗಳ ವಿಷಯದಲ್ಲಿ ಗಡಿಯಾರ ನೋಡಿಕೊಳ್ಳಿ. ಎಲ್ಲರೂ ಶಿಫಾರಸು ಮಾಡುವುದು ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಅಕ್ವೇರಿಯಂ. ಚೆನ್ನಾಗಿದೆ, ಆದರೆ ನಮ್ಮ ಬೆಳಗಿನ ಪೀರಿಯಡ್ ಹೊತ್ತಿಗೆ ಅಲ್ಲಿ ರಾತ್ರಿ, ಲೈವ್ ಸಿಗುವುದಿಲ್ಲ. ಅದರ ಬದಲು ಜುಲೈನಲ್ಲಿ ಅಲಾಸ್ಕಾದ ಕಟ್ಮಾಯ್ ನ್ಯಾಷನಲ್ ಪಾರ್ಕಿನ ಬ್ರೂಕ್ಸ್ ಜಲಪಾತ ನೋಡಿ, ಎಕ್ಸ್‌ಪ್ಲೋರ್ ಡಾಟ್ ಆರ್ಗ್‌ನಲ್ಲಿ ಸಿಗುತ್ತದೆ. ನಮ್ಮ ಬೆಳಿಗ್ಗೆ 9:30 ಎಂದರೆ ಅಲ್ಲಿ ಹಿಂದಿನ ದಿನ ರಾತ್ರಿ 8 ಗಂಟೆ. ಆದರೂ ಒಳ್ಳೇ ಬೆಳಕು! ರಾತ್ರಿ ಎಂಟಕ್ಕೆ ಬಿಸಿಲು ಹೇಗೆ, ಅಲ್ಲಿ ಇನ್ನೂ ನಿನ್ನೆ ಹೇಗೆ ಎಂಬ ಎರಡು ಪ್ರಶ್ನೆ ಮಕ್ಕಳೇ ಎತ್ತುತ್ತಾರೆ. ಗ್ಲೋಬ್ ಮತ್ತು ಟಾರ್ಚ್ ಮೇಜಿನ ಮೇಲೆ ಸಿದ್ಧ ಇರಲಿ. ಅಷ್ಟರಲ್ಲಿ ಕಂದು ಕರಡಿಗಳು ಜಲಪಾತದ ನೆತ್ತಿಯಲ್ಲಿ ಬಾಯಿ ತೆರೆದು ನಿಂತಿರುತ್ತವೆ, ಸಾಲ್ಮನ್ ಮೀನು ಹಾರಿ ಹಾರಿ ಬರುತ್ತಿರುತ್ತವೆ. ಎಷ್ಟು ಹಾರಿದವು, ಎಷ್ಟು ಕರಡಿಯ ಪಾಲಾದವು ಎಂದು ಗೆರೆ ಹಾಕಿ ಎಣಿಸಲು ಹೇಳಿ. ಗಣಿತದ ಪೀರಿಯಡ್ಡೂ ಆಯಿತು. ಕೆಲವು ದಿನ ಒಂದು ಕರಡಿಯೂ ಬರುವುದಿಲ್ಲ, ಬರೀ ನೀರು. ಅದೂ ಆಗಲಿ ಬಿಡಿ. ಕಾಡಿಗೆ ಹೋದವರಿಗೆಲ್ಲ ಹುಲಿ ಕಾಣುತ್ತದಾ?

ಬಾಹ್ಯಾಕಾಶ ಬೇಕು ಎಂದರೆ ಸುನಿತಾ ವಿಲಿಯಮ್ಸ್ 2012ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತಿಸಿ ತೋರಿಸಿದ ನಾಸಾ ವಿಡಿಯೋ ಸಾಕು. 25 ನಿಮಿಷದಷ್ಟಿದೆ, ಪೂರ್ತಿ ಹಾಕಬೇಡಿ. ಮಲಗುವ ಜಾಗ ಮತ್ತು ಟಾಯ್ಲೆಟ್, ಈ ಎರಡಕ್ಕೇ ಪ್ರಶ್ನೆಗಳು ಮುಗಿಯುವುದಿಲ್ಲ. ನಿಲ್ದಾಣ ಭೂಮಿಯನ್ನು ಸುಮಾರು 90 ನಿಮಿಷಕ್ಕೊಮ್ಮೆ ಸುತ್ತುತ್ತದೆ. ಬೆಳಗಿನ ಬೆಲ್ ಆದಾಗ ನಮ್ಮ ತಲೆ ಮೇಲಿದ್ದರೆ ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಒಂದು ಸುತ್ತು ಮುಗಿಸಿರುತ್ತದೆ ಎಂದು ಹೇಳಿ ನೋಡಿ. ಅದರ ಉದ್ದ ಸುಮಾರು 109 ಮೀಟರ್. ಮೈದಾನದಲ್ಲಿ ಹಗ್ಗ ಹಿಡಿದು ಅಳೆಯಲಿ. ಮೈದಾನ ಸಾಲದೇ ಹೋದರೆ ಇನ್ನೂ ಒಳ್ಳೆಯದು.

ಅಳತೆಯ ಮಾತು ಬಂತು ನೋಡಿ. ಪರದೆಯ ದೊಡ್ಡ ಕೊರತೆಯೇ ಅದು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಗೋಪುರವೂ, ಒಂದು ಚಿಟ್ಟೆಯೂ ಟಿವಿಯಲ್ಲಿ ಒಂದೇ ಗಾತ್ರ. ಗೋಪುರ ಸುಮಾರು 50 ಮೀಟರ್, ಅಂದರೆ ಹದಿನೈದು ಹದಿನಾರು ಮಹಡಿ. ಕಿಟಕಿಯಿಂದ ಕಾಣುವ ಅಪಾರ್ಟ್‌ಮೆಂಟ್ ತೋರಿಸಿ ಮಹಡಿ ಎಣಿಸಲು ಹೇಳಿ. ಅದೇ ದೇವಸ್ಥಾನದ ಒಳಗೆ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುತ್ತದೆ, ಗೊತ್ತಲ್ವಾ? ಸಣ್ಣ ಕಿಂಡಿಯಿಂದ ಬೆಳಕು ಬರುವುದರಿಂದ ಹಾಗಾಗುತ್ತದೆ. ಚಪ್ಪಲಿ ಡಬ್ಬಕ್ಕೆ ಒಂದು ಬದಿ ಪಿನ್ನಿನಿಂದ ತೂತು, ಎದುರು ಬದಿಗೆ ಬಟರ್ ಪೇಪರ್. ಬೆಳಕಿನತ್ತ ಹಿಡಿದರೆ ಕಿಟಕಿ ತಲೆಕೆಳಗಾಗಿ ಕಾಣುತ್ತದೆ. ಹಂಪಿಗೆ ಹೋದವರಲ್ಲೂ ಎಷ್ಟೋ ಜನ ಗೈಡ್ ಹೇಳಿದ್ದನ್ನು ಕೇಳಿ ಬರುತ್ತಾರೆ, ಮಾಡಿ ನೋಡಿರುವುದಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಯಾವುದು ಎಂದರೆ, ಯಾವ ವೆಬ್‌ಸೈಟೂ ಅಲ್ಲ. ಸಹೋದ್ಯೋಗಿಯೊಬ್ಬರ ತಮ್ಮ ಶಿರಸಿ ಕಡೆ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಕೊಯ್ಲಿನ ಸಮಯದಲ್ಲಿ ವಾಟ್ಸಾಪ್ ವಿಡಿಯೋ ಕಾಲ್ ಮಾಡಿದೆವು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಮರದ ತುದಿಯಲ್ಲಿ ಕೂತು, ಆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿದಾಗ ಇಡೀ ಕ್ಲಾಸು ಎದ್ದು ನಿಂತಿತು. ಕೆಳಗಿಳಿದ ಮೇಲೆ ಅವರು ಫೋನ್ ಮುಂದೆ ಬಂದು ಕೂತರು. "ಮರದ ಮೇಲೆ ಸುಸ್ಸು ಬಂದ್ರೆ ಏನ್ ಮಾಡ್ತೀರಾ ಅಂಕಲ್?" ಎಂಬುದು ಮೊದಲ ಪ್ರಶ್ನೆ. ಅವರು ನಗುತ್ತಾ ಕೊಟ್ಟ ಉತ್ತರ ಇಲ್ಲಿ ಬರೆಯಲಾರೆ. ನೆಟ್‌ವರ್ಕ್ ಆಗಾಗ ಕಟ್ ಆಯಿತು, ಅದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಿಮ್ಮ ಮಕ್ಕಳ ಅಜ್ಜಿ ಮನೆಗಳು ಯಾವ್ಯಾವ ಊರಿನಲ್ಲಿವೆ ಎಂದು ಒಮ್ಮೆ ವಿಚಾರಿಸಿ. ರಾಯಚೂರಿನ ಭತ್ತದ ಗದ್ದೆ, ಕಾರವಾರದ ಮೀನು ಬಂದರು, ಧರ್ಮಪುರಿಯ ಮಾವಿನ ತೋಪು, ಏನೇನು ಸಿಗುತ್ತದೋ.

ಕಣ್ಣಿಗೆ ಕಟ್ಟಿಕೊಂಡರೆ ಆ ಜಾಗದಲ್ಲೇ ಇದ್ದ ಹಾಗೆ ತೋರಿಸುವ ವಿಆರ್ ಕನ್ನಡಕದ ಆಸೆ ಬಿಡಿ. ಮೆಟಾ ಕ್ವೆಸ್ಟ್‌ನಂಥವು 10 ವರ್ಷದ ಒಳಗಿನ ಮಕ್ಕಳಿಗಲ್ಲ ಎಂದು ಕಂಪನಿಯೇ ಹೇಳುತ್ತದೆ. ನಾಲ್ಕನೇ ಕ್ಲಾಸೆಂದರೆ ಒಂಬತ್ತು ಹತ್ತು ವರ್ಷ, ಅಲ್ವಾ? ಸಾಲದ್ದಕ್ಕೆ ಒಬ್ಬರು ನೋಡುವಾಗ ಉಳಿದವರು ಕಾಯಬೇಕು. ಹಳೇ ಲೇಖನಗಳು ಗೂಗಲ್ ಎಕ್ಸ್‌ಪೆಡಿಷನ್ಸ್ ಆ್ಯಪ್ ಹಾಕಿಕೊಳ್ಳಿ ಎನ್ನುತ್ತವೆ. ಅದು 2021ರಲ್ಲೇ ನಿಂತುಹೋಯಿತು, ಅದರ ಬಹುಪಾಲು ಟೂರ್‌ಗಳು ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿವೆ.

ನಿಮ್ಮ ಮೇಲಿನವರಿಗೂ ಒಂದು ಮಾತು ಹೇಳಿ. ಲಾಲ್‌ಬಾಗ್ ಬಂಡೆಯನ್ನು ದಯವಿಟ್ಟು ಪರದೆಯಲ್ಲಿ ತೋರಿಸಬೇಡಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಊರ ಮಧ್ಯದಲ್ಲೇ ಇದೆ, ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ. ಅದರ ಮೇಲೆ ಕೈ ಇಟ್ಟರೆ ಬಿಸಿ ತಾಗಬೇಕು. ಬಸ್ಸಿಗೆ ದುಡ್ಡಿಲ್ಲದಿದ್ದರೂ ಮೆಟ್ರೋ ಟಿಕೆಟ್ಟಿಗೆ ಹೊಂದಿಸಬಹುದೇನೋ ಕೇಳಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರೂ ತಾರಾಲಯ ಕೂಡ ಇದೇ ಲೆಕ್ಕ. ನಾವು ಹೋಗಲಾಗದ ಜಾಗಕ್ಕೆ ಮಾತ್ರ ಪರದೆ.

ಕೊನೆಗೆ ಕೆಲವು ಸಣ್ಣ ವಿಷಯ. ವಿಡಿಯೋದ ಇಂಗ್ಲಿಷ್ ಧ್ವನಿ ಮ್ಯೂಟ್ ಮಾಡಿ, ನೀವೇ ಮಾತಾಡಿ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳಿಗೆ ಅಮೆರಿಕದ ಉಚ್ಚಾರಣೆ ಒಂದೂ ಹತ್ತುವುದಿಲ್ಲ, ನಿಮ್ಮ ಕನ್ನಡ ಹತ್ತುತ್ತದೆ. ಬೆಂಚು ಬಿಟ್ಟು ನೆಲದ ಮೇಲೆ ಪರದೆಯ ಹತ್ತಿರ ಕೂರಿಸಿ, ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟಿ. ಪರದೆಯ ಮುಂದೆ 15 ನಿಮಿಷಕ್ಕಿಂತ ಜಾಸ್ತಿ ಬೇಡ, ಉಳಿದ ಹೊತ್ತು ಕೈಗೆ ಕೆಲಸ ಕೊಡಿ. ಟ್ಯಾಬ್‌ಗಳನ್ನೆಲ್ಲ ಬೆಳಿಗ್ಗೆಯೇ ತೆರೆದಿಡಿ, ಮುಖ್ಯವಾದ ಚಿತ್ರಗಳ ಸ್ಕ್ರೀನ್‌ಶಾಟ್ ಪೆನ್‌ಡ್ರೈವ್‌ನಲ್ಲಿ ಇರಲಿ. ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳೋಕಾಗುವುದಿಲ್ಲ. ಮತ್ತೆ ಯೂಟ್ಯೂಬ್‌ನ ಆಟೋಪ್ಲೇ ಆಫ್ ಮಾಡೋದನ್ನು ಮಾತ್ರ ಮರೆಯಬೇಡಿ.