ಹವಾಮಾನ ಬದಲಾವಣೆ ಮನುಷ್ಯನಿಂದಲ್ಲ ಅನ್ನುವವರ ವಾದದಲ್ಲಿ ಹುರುಳಿದೆಯೇ?

ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದಲ್ಲ ಅನ್ನುವವರ ಮಾತಿನಲ್ಲಿ ಏನಾದರೂ ಹುರುಳಿದೆಯೇ, ಇಲ್ಲ ಎಲ್ಲ ಬರೀ ಹಠವೇ ಅಂತ ಕೇಳಿದ್ದೀರಿ. ಸ್ವಲ್ಪ ಹುರುಳಿದೆ. ಆದರೆ ಅವರು ಹುಡುಕುವ ಜಾಗದಲ್ಲಿಲ್ಲ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಬಿಎಸ್ಸಿಯಲ್ಲಿ ಓದಿದ ಫಿಸಿಕ್ಸು ತೋಟಕ್ಕೆ ಬರಲಿಲ್ಲ, ದೊಡ್ಡಪ್ಪನ ಜೊತೆ ಜಗಳಕ್ಕೆ ಬಂತು. ಅವರು ನಲವತ್ತು ವರ್ಷದಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಅಳೆದು ಡೈರಿಯಲ್ಲಿ ಬರೆಯುವವರು. ಅವರ ಬ್ರಹ್ಮಾಸ್ತ್ರ ಆಗುಂಬೆ. "1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿ.ಮೀ. ಹೊಡೆದಿತ್ತು ಮಾರಾಯ. ಆಗ ಘಾಟಿಯಲ್ಲಿ ಎಷ್ಟು ಕಾರು ಓಡಾಡ್ತಿದ್ವು ಹೇಳು?"

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಬೇಕಾಗಿಯೂ ಇಲ್ಲ. "ಮೊದಲೆಲ್ಲ ಜೂನ್ ಒಂದಕ್ಕೆ ಸರಿಯಾಗಿ ಮಳೆ ಹಿಡೀತಿತ್ತು" ಅನ್ನುವವರಿಗೂ ಆ ಡೈರಿ ತೋರಿಸಬೇಕು. ಆಗಲೂ ಮೃಗಶಿರ ಕೈಕೊಟ್ಟಿದೆ. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ" ಅನ್ನೋ ಗಾದೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ ಅಲ್ವಾ? 2019ರಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿತು, 2023ರಲ್ಲಿ ಬರ ಬಂತು. ಒಂದೂರಿನ ಮಳೆ ಹಿಡಿದುಕೊಂಡು ಏನನ್ನೂ ಸಾಬೀತು ಮಾಡಲಾಗದು. ದೊಡ್ಡಪ್ಪನಿಗೂ ಆಗದು, ಟಿವಿಯವರಿಗೂ ಆಗದು.

ಸಾಕ್ಷಿ ಇರುವುದು ಗಾಳಿಯಲ್ಲಿ. ಉಸಿರಾಡುವ ಗಾಳಿಯ ಇಂಗಾಲದಲ್ಲಿ ಇಂಗಾಲ-14 ಅನ್ನೋ ಒಂದು ಬಗೆ ಚೂರು ಇರುತ್ತೆ. ಅದು 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತೆ. ಕಲ್ಲಿದ್ದಲು, ಪೆಟ್ರೋಲು ಕೋಟ್ಯಂತರ ವರ್ಷ ಹಳೆಯವು, ಅದರಲ್ಲಿ ಇಂಗಾಲ-14 ಉಳಿದೇ ಇಲ್ಲ. ಹಾಗಾಗಿ ಅವನ್ನು ಸುಟ್ಟ ಹೊಗೆ ಗಾಳಿಗೆ ಸೇರಿದರೆ ಇಂಗಾಲ-14ರ ಪಾಲು ತೆಳುವಾಗಬೇಕು, ಹಾಲಿಗೆ ನೀರು ಬೆರೆಸಿದ ಹಾಗೆ. ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲೇ ಮರದ ಕಟ್ಟಿಗೆ ಅಳೆದು ಅದು ತೆಳುವಾಗಿರುವುದನ್ನು ತೋರಿಸಿದರು. (ಆಮೇಲೆ ಅಣುಬಾಂಬ್ ಪರೀಕ್ಷೆಗಳು ಈ ಲೆಕ್ಕವನ್ನೇ ಕಲಸಿಬಿಟ್ಟವು, ಅದು ಬೇರೆ ಕಥೆ.) ಜ್ವಾಲಾಮುಖಿಯ ಇಂಗಾಲವೂ ಹಳೆಯದೇ, ಆದರೆ ಅದು ನಾವು ಬಿಡುವುದರ ನೂರರಲ್ಲಿ ಒಂದು ಪಾಲೂ ಇಲ್ಲ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಭೂಮಿಯ ಕಾವು ಹೊರಹೋಗದಂತೆ ಹಿಡಿದಿಡುವ ಅನಿಲ ಇದು.

ಹಾಲಿನ ಲೆಕ್ಕ ದೊಡ್ಡಪ್ಪ ಒಪ್ಪಿದರು. ಹಾಲಿನ ಸೊಸೈಟಿಗೆ ಹಾಲು ಹಾಕಿ ಗೊತ್ತಿದ್ದವರು.

"ಸೂರ್ಯನೇ ಜಾಸ್ತಿ ಉರೀತಿರಬಹುದು" ಅಂದರೆ, 1978ರಿಂದ ಉಪಗ್ರಹಗಳು ಸೂರ್ಯನನ್ನು ಅಳೆಯುತ್ತಿವೆ, ಏರಿಕೆ ಕಂಡಿಲ್ಲ. ಸೂರ್ಯನಿಂದಲೇ ಆಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗಿದೆ.

ಅನುಮಾನ ಪಟ್ಟವರಲ್ಲಿ ನನಗೆ ಗೌರವ ಇರುವುದು ರಿಚರ್ಡ್ ಮುಲ್ಲರ್ ಮೇಲೆ. ಅಮೆರಿಕದ ಬರ್ಕ್ಲಿಯ ಭೌತವಿಜ್ಞಾನಿ. ಉಷ್ಣಾಂಶ ಅಳೆಯುವ ಕೇಂದ್ರಗಳು ಪೇಟೆಯ ಕಾವಿನಿಂದ ತಪ್ಪು ಹೇಳುತ್ತಿರಬಹುದು ಅನ್ನೋ ಶಂಕೆ ಅವರಿಗಿತ್ತು. ಸುಮ್ನೆ ಕೂಗಾಡದೆ ಹಳೇ ದಾಖಲೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಅದಕ್ಕೆ ತೈಲ ಉದ್ಯಮದ ಕೋಚ್ ಕುಟುಂಬದ ಪ್ರತಿಷ್ಠಾನವೂ ದುಡ್ಡು ಕೊಟ್ಟಿತ್ತು. 2012ರಲ್ಲಿ ಮುಲ್ಲರ್, ಬಿಸಿ ಏರಿರುವುದು ನಿಜ, ಹೆಚ್ಚುಕಮ್ಮಿ ಪೂರ್ತಿ ಮನುಷ್ಯನಿಂದಲೇ ಅಂತ ಹೇಳಿದರು.

ಇನ್ನು ಹುರುಳು ಎಲ್ಲಿದೆ? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಕರಗಿಹೋಗಬಹುದು ಅಂತ ಬರೆದಿದ್ದರು. 2009ರಲ್ಲಿ ನಮ್ಮವರೇ ಆದ ಭೂವಿಜ್ಞಾನಿ ವಿ. ಕೆ. ರೈನಾ ಹಿಮನದಿಗಳ ಬಗ್ಗೆ ಬೇರೆಯದೇ ಚಿತ್ರ ಕೊಟ್ಟರು. ಮರುವರ್ಷ ಐಪಿಸಿಸಿ 2035ರ ಮಾತು ತಪ್ಪು ಅಂತ ಒಪ್ಪಿಕೊಂಡಿತು. ಹಿಮನದಿಗಳು ಕರಗುತ್ತಿರುವುದು ಸುಳ್ಳಾಗಲಿಲ್ಲ, ಆ ತಾರೀಖು ಸುಳ್ಳಾಯಿತು. ಗಾಳಿಯ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಎಷ್ಟು ಬಿಸಿ ಏರುತ್ತೆ ಅನ್ನುವುದಕ್ಕೂ ಇವತ್ತಿಗೂ ಒಂದೇ ಅಂಕಿಯಿಲ್ಲ, ಸುಮಾರು 2.5ರಿಂದ 4 ಡಿಗ್ರಿ ಅನ್ನುತ್ತಾರೆ. ನಮ್ಮ ಮುಂಗಾರಿನ ವಿಷಯದಲ್ಲಂತೂ ಕಂಪ್ಯೂಟರ್ ಮಾದರಿಗಳು ಇನ್ನೂ ತಡವರಿಸುತ್ತಿವೆ. ಇಲ್ಲೆಲ್ಲ ಅನುಮಾನ ಪಡಿ, ತಪ್ಪಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ಕಡೆಯವರ ಮೇಲೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ ಅಂದರೆ "ಹವಾಮಾನ ಬದಲಾವಣೆ ಸ್ವಾಮಿ" ಅಂತ ಭಾಷಣ ಮುಗಿಸಿ ಕಾರು ಹತ್ತುತ್ತಾರೆ. ಇರಬಹುದು, ಅದರ ಪಾಲೂ ಇರಬಹುದು. ಆದರೆ ತೋಟದಲ್ಲಿರುವುದು ಶಿಲೀಂಧ್ರ. ಯಾವ ಔಷಧಿ, ಎಷ್ಟು ಸಲ, ಮಳೆ ಬಿಡುವು ಕೊಡದಿದ್ದರೆ ಯಾವಾಗ ಹೊಡೆಯೋದು ಅಂತ ಕೇಳಿದರೆ ಮಾತಿಲ್ಲ. ಅಂಥದ್ದೊಂದು ಸಭೆಯಿಂದ ವಾಪಸ್ ಬರುವಾಗ ದೊಡ್ಡಪ್ಪನೂ ನಾನೂ ಜಗಳವಾಡಲಿಲ್ಲ.