ಡಿಸೋಜಾ ಅಂದ್ರೆ ಹಿಸ್ಪ್ಯಾನಿಕ್ಕಾ?

ತಮ್ಮಾ, ನಿಮ್ಮ ಪ್ರಶ್ನೆ ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, ನಕ್ಕಿದ್ದು ನನ್ನ ಹಳೇ ಪಾಡು ನೆನಪಾಗಿ. ಇಲ್ಲಿ ಅಮೆರಿಕದಲ್ಲಿ ಮಗಳ ಸ್ಕೂಲ್ ಫಾರ್ಮಿನಲ್ಲಿ ಮೊದಲು "ಹಿಸ್ಪ್ಯಾನಿಕ್ ಹೌದೋ ಅಲ್ಲವೋ", ಅಂದರೆ ಸ್ಪ್ಯಾನಿಷ್ ಸಂಸ್ಕೃತಿಯ ನಾಡುಗಳ ಮೂಲದವರೋ ಅಲ್ಲವೋ ಅಂತ ಕೇಳಿ, ಆಮೇಲೆ ಬೇರೆಯಾಗಿ "ರೇಸ್ ಯಾವುದು" ಅಂತ ಯಾಕೆ ಕೇಳುತ್ತಾರೆ ಅಂದಿದ್ದೀರಿ. ಆಫೀಸಿನಲ್ಲಿ ಒಬ್ಬರನ್ನು "ನೀವು ಮೆಕ್ಸಿಕನ್ನಾ?" ಅಂತ ಕೇಳಿದ್ದಕ್ಕೆ ಅವರ ಮುಖ ಸಪ್ಪಗಾಯಿತು, ತಪ್ಪೇನು ಅಂತಲೂ ಕೇಳಿದ್ದೀರಿ.

ನಾನು ಮಂಗಳೂರಿನವಳು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮೀಡಿಯಂ, ಹೆಸರಿನ ಕೊನೆಗೆ ಡಿಸೋಜಾ. ಟೆಕ್ಸಸ್‌ಗೆ ಬಂದು 19 ವರ್ಷ ಆಯಿತು. ಬಂದ ಹೊಸತರಲ್ಲಿ ಒಂದು ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನ ಹುಡುಗಿ ಏನೂ ಕೇಳಲಿಲ್ಲ. ಹೆಸರು ನೋಡಿದಳು, ಮುಖ ನೋಡಿದಳು, ಟಕಟಕ ಅಂತ ಏನೋ ಒತ್ತಿದಳು. ಮುಂದಿನ ವಾರ ಫೋನ್ ಬಂತು, ಆ ಕಡೆಯಿಂದ ಬರೀ ಸ್ಪ್ಯಾನಿಷ್. ನಾನು "ನೋ, ನೋ" ಅಂದೆ. ಸ್ಪ್ಯಾನಿಷ್‌ನಲ್ಲೂ ಅದಕ್ಕೆ "ನೋ" ಅಂತಲೇ ಅನ್ನುತ್ತಾರಂತೆ! ಆಯಮ್ಮ ಇನ್ನೂ ಜೋರಾಗಿ ಮುಂದುವರಿಸಿದರು. ಮುಂದಿನ ಸಲ ಹೋದಾಗ ಪ್ರಿಂಟ್ ತೆಗೆಸಿ ನೋಡಿದರೆ ನಾನು ಹಿಸ್ಪ್ಯಾನಿಕ್. ನಮಗೆ ಈ ಹೆಸರು ಬಂದಿದ್ದು ಗೋವಾದ ಪೋರ್ಚುಗೀಸರಿಂದ, ಸ್ಪೇನಿನವರಿಂದ ಅಲ್ಲ. ಪೋರ್ಚುಗೀಸ್ ಮಾತಾಡುವ ಬ್ರೆಜಿಲ್‌ನವರೇ ಸರ್ಕಾರದ ಲೆಕ್ಕದಲ್ಲಿ ಹಿಸ್ಪ್ಯಾನಿಕ್ ಅಲ್ಲ, ಇನ್ನು ನಾನೆಲ್ಲಿ?

ನಮ್ಮ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪದಗಳೇ. ಕನ್ನಡ ಪೇಪರಿನವರು ರೇಸ್‌ಗೂ ಜನಾಂಗ ಅನ್ನುತ್ತಾರೆ, ಎಥ್ನಿಸಿಟಿಗೂ ಜನಾಂಗ ಅನ್ನುತ್ತಾರೆ. ನಾನು ಮನಸ್ಸಿನಲ್ಲಿ ಹೀಗೆ ಇಟ್ಟುಕೊಂಡಿದ್ದೇನೆ: ಇವರ ಪ್ರಕಾರ ರೇಸ್ ಅಂದರೆ ಕರಿಯರು, ಬಿಳಿಯರು, ಏಷ್ಯಾದವರು ಅನ್ನುವ ದೊಡ್ಡ ಗುಂಪು. ಎಥ್ನಿಸಿಟಿ ಅಂದರೆ ಮೂಲ, ಅಂದರೆ ಹಿರಿಯರ ನಾಡು, ನುಡಿ, ಊಟ, ಹಬ್ಬ. ನ್ಯಾಷನಾಲಿಟಿ ಅಂದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದು. ಹಿಸ್ಪ್ಯಾನಿಕ್ ಅನ್ನುವುದು ನಡುವಿನದ್ದು, ಮೂಲದ ವಿಷಯ. ಕ್ಯೂಬಾ, ಮೆಕ್ಸಿಕೋ, ಪೋರ್ಟೊ ರಿಕೊ ಮುಂತಾದ ಸ್ಪ್ಯಾನಿಷ್ ಸಂಸ್ಕೃತಿಯ ಕಡೆಯವರು, ರೇಸ್ ಯಾವುದಾದರೂ ಆಗಿರಲಿ, ಹಿಸ್ಪ್ಯಾನಿಕ್ ಅಂತ ಇಲ್ಲಿನ ಕೇಂದ್ರ ಸರ್ಕಾರ 1977ರಲ್ಲೇ ನಿಯಮ ಮಾಡಿತು. ಅದಕ್ಕೇ ಎರಡು ಪ್ರಶ್ನೆ.

ಹಾಗಾಗಿ ಇಟಲಿಯಿಂದ ಹೋದ ಅಜ್ಜನ ಮೊಮ್ಮಗ, ಕೆಂಪು ಕೆನ್ನೆಯ ಅರ್ಜೆಂಟೀನಾದವನೂ ಹಿಸ್ಪ್ಯಾನಿಕ್. ಡೊಮಿನಿಕನ್ ರಿಪಬ್ಲಿಕ್‌ನ ಕಪ್ಪು ಹುಡುಗನೂ ಹಿಸ್ಪ್ಯಾನಿಕ್. ಪೆರುವಿನಲ್ಲಿ 1990ರಲ್ಲಿ ಅಧ್ಯಕ್ಷರಾದ ಫುಜಿಮೊರಿ ಅವರ ತಂದೆತಾಯಿ ಜಪಾನಿನವರು, ಅಂಥವರೂ ಇಲ್ಲಿಗೆ ಬಂದರೆ ಆ ಬಾಕ್ಸಿಗೆ ಟಿಕ್ ಹಾಕಬಹುದು. ಇನ್ನೊಂದು ಕಡೆ, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಸ್ಟ್ರಾಬೆರಿ ಕೀಳುವ ಎಷ್ಟೋ ಮಂದಿ ಮೆಕ್ಸಿಕೋದ ಒಹಾಕಾ ಕಡೆಯವರು. ಮನೆಯಲ್ಲಿ ಮಾತಾಡುವುದು ಮಿಶ್ಟೆಕ್ ಅನ್ನುವ ಅಲ್ಲಿನ ಮೂಲನಿವಾಸಿಗಳ ಭಾಷೆ. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆಯೇ.

ಅಮೆರಿಕದವರಿಗೇ ಇದು ಸುಲಭಕ್ಕೆ ಬಗೆಹರಿದಿಲ್ಲ. 1930ರ ಜನಗಣತಿಯಲ್ಲಿ "ಮೆಕ್ಸಿಕನ್" ಅಂತಲೇ ಒಂದು ರೇಸ್ ಮಾಡಿದರು. ಮೆಕ್ಸಿಕೋ ಸರ್ಕಾರವೂ ಇಲ್ಲಿದ್ದ ಮೆಕ್ಸಿಕೋ ಮೂಲದವರೂ ಜಗಳಕ್ಕೆ ನಿಂತರು. 1940ಕ್ಕೆ ಅದನ್ನು ತೆಗೆದು ಮತ್ತೆ ಬಿಳಿಯರ ಲೆಕ್ಕಕ್ಕೆ ಹಾಕಿದರು. ಈ ಬಿಳಿ ಪಟ್ಟವೇ ಒಬ್ಬಾಕೆಯ ಮದುವೆಗೆ ಅಡ್ಡ ಬಂತು. ಲಾಸ್ ಏಂಜಲೀಸ್‌ನ ಆಂಡ್ರಿಯಾ ಪೆರೆಜ್ ಮೆಕ್ಸಿಕೋ ಮೂಲದ ಹುಡುಗಿ, ಕಾನೂನಿನ ಕಣ್ಣಿಗೆ ಬಿಳಿಯಳು. ಹುಡುಗ ಕಪ್ಪು. ಆಗ ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರೂ ಕರಿಯರೂ ಮದುವೆ ಆಗುವ ಹಾಗಿರಲಿಲ್ಲ, ಲೈಸೆನ್ಸ್ ಕೊಡಲಿಲ್ಲ. ಇಬ್ಬರೂ ಕೋರ್ಟಿಗೆ ಹೋದರು. 1948ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ತೆಗೆದುಹಾಕಿತು.

1970ರ ಗಣತಿಯದ್ದು ಬೇರೆ ತಮಾಷೆ. ಕೆಲವರಿಗೆ ಮಾತ್ರ ಕೊಟ್ಟ ಉದ್ದನೆಯ ಫಾರ್ಮಿನಲ್ಲಿ "ಸೆಂಟ್ರಲ್ ಆರ್ ಸೌತ್ ಅಮೆರಿಕನ್" ಅಂತ ಒಂದು ಆಯ್ಕೆ ಇತ್ತು, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ದೇಶಗಳ ಮೂಲದವರಿಗೆ ಅಂತ. ಈ ದೇಶದ್ದೇ ನಡುಭಾಗದವರು, ದಕ್ಷಿಣದವರು ಎಷ್ಟೋ ಜನ "ಹೌದಲ್ವಾ, ನಾವು ಅದೇ" ಅಂತ ಟಿಕ್ ಹಾಕಿಬಿಟ್ಟರು!

2020ರ ಗಣತಿಯಲ್ಲಿ ಹಿಸ್ಪ್ಯಾನಿಕ್ ಅಂದವರು 6 ಕೋಟಿ 21 ಲಕ್ಷ. ರೇಸ್ ಪ್ರಶ್ನೆ ಬಂದಾಗ ಅವರಲ್ಲಿ ನೂರಕ್ಕೆ 42 ಜನ "ಬೇರೆ ಯಾವುದೋ" ಅನ್ನುವ ಬಾಕ್ಸನ್ನಷ್ಟೇ ಆರಿಸಿದರು. ಬಿಳಿ ಅಂತಷ್ಟೇ ಬರೆದವರು ನೂರಕ್ಕೆ 20. ಕೊಟ್ಟ ಬಾಕ್ಸ್ ಯಾವುದೂ ತಮ್ಮದು ಅಂತ ಅವರಿಗೆ ಅನ್ನಿಸಿಲ್ಲ ಅಂತಲೇ ನನ್ನ ಲೆಕ್ಕ. 2024ರಲ್ಲಿ ಸರ್ಕಾರ ಎರಡೂ ಪ್ರಶ್ನೆ ಸೇರಿಸಿ ಒಂದು ಮಾಡಲು ಹೇಳಿದೆ, ಆದರೆ ಫಾರ್ಮುಗಳು ಎಲ್ಲ ಕಡೆ ಬದಲಾಗಿಲ್ಲ. ನಿಮಗೆ ಸಿಕ್ಕಿದ್ದು ಹಳೇದು.

ನಮ್ಮವರ ಕಥೆಯೂ ಕಮ್ಮಿ ಇಲ್ಲ. 1920ರಿಂದ 1940ರವರೆಗಿನ ಗಣತಿಗಳಲ್ಲಿ ಇಂಡಿಯಾದವರ ರೇಸ್ "ಹಿಂದೂ". ಸಿಖ್ಖರೂ ಹಿಂದೂ, ಮುಸಲ್ಮಾನರೂ ಹಿಂದೂ. ಆಗ ನಾನಿದ್ದಿದ್ದರೆ ಕೊರಳಲ್ಲಿ ಶಿಲುಬೆ ಇದ್ದರೂ ಅದನ್ನೇ ಬರೆಯುತ್ತಿದ್ದರು. 1970ರಲ್ಲಿ ನಮ್ಮನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. ನಮ್ಮವರ ಸಂಘದವರು ಓಡಾಡಿದ ಮೇಲೆ 1980ರಲ್ಲಿ "ಏಷ್ಯನ್ ಇಂಡಿಯನ್" ಬಂತು.

ಮಗಳ ಫಾರ್ಮಿಗೆ ಬರೋಣ. ಮೊದಲನೆಯದಕ್ಕೆ "ಅಲ್ಲ", ಎರಡನೆಯದಕ್ಕೆ "ಏಷ್ಯನ್". "ಅಮೆರಿಕನ್ ಇಂಡಿಯನ್" ಕಂಡು ಖುಷಿಯಾಗಿ ಅದಕ್ಕೆ ಟಿಕ್ ಹಾಕಬೇಡಿ. ಅದು ಇಲ್ಲಿನ ಮೂಲನಿವಾಸಿಗಳದ್ದು, ಹೊಸದಾಗಿ ಬಂದ ನಮ್ಮವರು ಎಡವುವುದೇ ಅಲ್ಲಿ. ಖಾಲಿಯೂ ಬಿಡಬೇಡಿ. ಬಿಟ್ಟರೆ ಸ್ಕೂಲಿನವರೇ ಮಗುವನ್ನು ನೋಡಿ ತುಂಬಬೇಕು ಅಂತ ನಿಯಮ ಇದೆ. ನೋಡಿ ತುಂಬಿದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ.

ಇನ್ನು ನಿಮ್ಮ ಆಫೀಸಿನವರು. ಮೆಕ್ಸಿಕನ್ ಅನ್ನೋದು ಬೈಗುಳ ಅಲ್ಲ. ಆದರೆ ಕಂದು ಬಣ್ಣ ಕಂಡ ಕೂಡಲೇ ಆ ಮಾತು ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ. ಅವರು ಪೋರ್ಟೊ ರಿಕೊದವರಾದರೆ 1917ರಿಂದಲೇ ಅಲ್ಲಿನವರು ಅಮೆರಿಕದ ಪ್ರಜೆಗಳು. ನಮ್ಮ ಟೆಕ್ಸಸ್‌ನವರೇ ಆದರೆ, ಈ ನೆಲ ಮೆಕ್ಸಿಕೋದಲ್ಲಿದ್ದ ಕಾಲದಿಂದ ಅವರ ಮನೆತನ ಇಲ್ಲೇ ಇರಬಹುದು. ಗಡಿಯೇ ಅವರನ್ನು ದಾಟಿ ಆ ಕಡೆ ಹೋಗಿದ್ದು. ಅಂಥವರಲ್ಲಿ ಸ್ಪ್ಯಾನಿಷ್ ಒಂದಕ್ಷರ ಬಾರದವರೂ ನನಗೆ ಗೊತ್ತು. ನೀವಾಗಿ ಊಹೆ ಮಾಡಬೇಡಿ. ಮಾತಿಗೆ ಮಾತು ಬಂದಾಗ ಅವರೇ ಹೇಳುತ್ತಾರೆ. ಕ್ಯೂಬನ್ ಅಂದರೆ ಕ್ಯೂಬನ್, ತೆಹಾನೊ (ಮೆಕ್ಸಿಕೋ ಮೂಲದ ಟೆಕ್ಸಸ್‌ನವರು) ಅಂದರೆ ತೆಹಾನೊ, ಅವರು ಬಳಸಿದ ಪದವನ್ನೇ ನೀವೂ ಬಳಸಿ.

ನನ್ನ ಪಕ್ಕದ ಮನೆಯವಳು ಎಲ್ ಸಾಲ್ವಡಾರ್‌ನವಳು. ಮೊದಮೊದಲು ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ "ಪಕ್ಕದ್ಮನೆ ಮೆಕ್ಸಿಕನ್" ಅಂತಲೇ ಹೇಳುತ್ತಿದ್ದೆ. ಒಂದು ಶನಿವಾರ ಅವಳ ಅಡುಗೆಮನೆಯಲ್ಲಿ ನಿಂತು ನೋಡಿದೆ. ಮೆಕ್ಕೆಜೋಳದ ಹಿಟ್ಟಿನ ಉಂಡೆಯೊಳಗೆ ಬೀನ್ಸು, ಚೀಸು ತುಂಬಿ, ಎರಡೂ ಅಂಗೈ ನಡುವೆ ಪಟಪಟ ತಟ್ಟಿ ಕಾವಲಿಗೆ ಹಾಕುತ್ತಿದ್ದಳು. "ಟಾಕೋನಾ?" ಅಂದೆ. ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ಪುಪುಸಾ. ನಮ್ಮ ದೇಶದ್ದು" ಅಂದಳು.

ಅದೇ ಹೊತ್ತಿಗೆ ಬಂದ ತನ್ನ ತಂಗಿಗೆ ನನ್ನನ್ನು ತೋರಿಸಿ "ಇವಳು ಹಿಂದೂ" ಅಂತ ಪರಿಚಯ ಮಾಡಿದಳು. ಪ್ರತಿ ಭಾನುವಾರ ಚರ್ಚಿನಲ್ಲಿ ಅವಳ ಪಕ್ಕದಲ್ಲೇ ಕೂರುವವಳು ನಾನು! ಸ್ಪ್ಯಾನಿಷ್‌ನಲ್ಲಿ ಇಂಡಿಯಾದವರು ಅನ್ನೋದಕ್ಕೆ ಹಾಗನ್ನುವುದು ವಾಡಿಕೆ ಅಂತ ಗೊತ್ತಾಗಿದ್ದು ಆಮೇಲೆ. ಮಾರನೇ ದಿನ ನಾನು ನೀರುದೋಸೆ ಮಾಡಿ ಕೊಟ್ಟೆ. ಒಂದನ್ನು ಬೆಳಕಿಗೆ ಎತ್ತಿ ಹಿಡಿದು ಕೇಳಿದಳು, "ಇದು ನಿಮ್ಮ ಟೋರ್ಟಿಯಾನಾ?"